ಕಿಟಕಿಯ ಕಡೆ ತಿರುಗಿ ನೀವು ಆಡಿದ ಮಾತು

ಮಾನ್ಯ ಅಧ್ಯಕ್ಷರೇ,

ಮಹಿಳಾ ಫುಟ್‌ಬಾಲ್ ಲೀಗಿನ ಶಿಸ್ತು ಸಮಿತಿಯ ಮುಖ್ಯ ಕುರ್ಚಿಯಲ್ಲಿ ಕೂತು, ನನ್ನ ಮೊಮ್ಮಗಳು ಧನ್ಯಾ ಮೈದಾನದಲ್ಲಿ ಪೆಟ್ಟಾದಂತೆ ನಟಿಸಿದಳೆಂದು ಕಳೆದ ತಿಂಗಳು ನೀವು ತೀರ್ಪು ಕೊಟ್ಟಿರಿ. ಅವಳು ನಟಿಸಲಿಲ್ಲ. ಅದು ನಿಮಗೆ ಗೊತ್ತಿತ್ತು. ನಿಮಗೆ ಗೊತ್ತಿತ್ತೆಂಬುದು ನನಗೆ ಹೇಗೆ ಗೊತ್ತಾಯಿತು ಎಂದು ತಿಳಿಸಲಿಕ್ಕೇ ಈ ಪತ್ರ. ಹಿಂದಿ, ಇಂಗ್ಲಿಷು ಬಿಟ್ಟು ಈ ಮುದುಕ ಕನ್ನಡದಲ್ಲಿ ಏಕೆ ಬರೆಯುತ್ತಿದ್ದಾನೆ, ಅದೂ ದೆಹಲಿ ಕನ್ನಡಿಗರ ಮಾಸಪತ್ರಿಕೆಯಲ್ಲಿ ಏಕೆ ಎಂದು ಈಗಾಗಲೇ ನಿಮ್ಮ ಹುಬ್ಬು ಮೇಲೇರಿರಬಹುದು. ಸ್ವಲ್ಪ ತಾಳಿ, ಅದಕ್ಕೂ ಬರುತ್ತೇನೆ.

ಕೇಂದ್ರ ಸರಕಾರದ ಇಲಾಖೆಯೊಂದರ ವಿಜಿಲೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಅನುಮಾನ ಪಡುವುದಕ್ಕೇ ಸರಕಾರ ನನಗೆ ಸಂಬಳ ಕೊಡುತ್ತಿತ್ತು. ಪ್ರವಾಸ ಭತ್ಯೆಯ ಬಿಲ್ಲು ತಪ್ಪಾಗಿದ್ದರೆ ಯಾಕೆ ತಪ್ಪಾಗಿದೆ ಎಂದು ಕೇಳುವುದು, ಸರಿಯಾಗಿದ್ದರೆ ಇಷ್ಟೊಂದು ಸರಿಯಾಗಿ ಯಾಕಿದೆ ಎಂದು ಕೇಳುವುದು ನಮ್ಮ ಪದ್ಧತಿ. ಆ ಚಟ ಈಗಲೂ ಬಿಟ್ಟಿಲ್ಲ. ಫರೀದಾಬಾದಿನ ನಮ್ಮ ಸೆಕ್ಟರಿಗೆ ಬರುವ ಹಾಲಿನ ಭಯ್ಯಾ ಒಂದು ದಿನ ಹೆಚ್ಚು ನಕ್ಕರೆ ಅಂದು ಹಾಲನ್ನು ಎರಡು ಸಲ ನೋಡುತ್ತೇನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನ ಹೆಂಡತಿ ವಿಜಯಮ್ಮ ಆಡಿಕೊಳ್ಳುತ್ತಾಳೆ. ಮಗಳು ಸ್ಫೂರ್ತಿ ಪಂಜಾಬಿ ಹುಡುಗನನ್ನು ಮದುವೆಯಾದಾಗ ಬಹಳ ದಿನ ಅಳಿಯನ ಮೇಲೂ ಒಂದು ಕಣ್ಣಿಟ್ಟಿದ್ದೆ. ಪಾಪ, ಅವನಲ್ಲಿ ಏನೂ ಸಿಗಲಿಲ್ಲ. ಅವರ ಒಬ್ಬಳೇ ಮಗಳು ಧನ್ಯಾ, ನಿಮ್ಮ ದಾಖಲೆಯಲ್ಲಿ ಧನ್ಯಾ ಚಾವ್ಲಾ. ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿಸಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ನಾಲಿಗೆಯ ಮೇಲೆ ಮಾತ್ರ ಅಷ್ಟಾಗಿ ನಿಲ್ಲುವುದಿಲ್ಲ. ಈ ವಿವರವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಅವಳಿಂದಾಗಿ ನಾನು ಫುಟ್‌ಬಾಲ್ ನೋಡಲು ಕಲಿತೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮೈದಾನದ ಅಂಚಿನಲ್ಲಿ ಕೂತೆನೆಂದರೆ ಅವಳ ಪಂದ್ಯದ ಜೊತೆಗೆ ಹಿಂದಿನ, ಮುಂದಿನ ಪಂದ್ಯಗಳನ್ನೂ ನೋಡುತ್ತಿದ್ದೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆಟಕ್ಕಿಂತ ಹೆಚ್ಚಾಗಿ ನಾಟಕ. ಒಂದು ಗೋಲು ಮುಂದಿರುವ ತಂಡಕ್ಕೆ ಕೊನೆಯ ಘಳಿಗೆಯಲ್ಲಿ ಏನೋ ಸಾಂಕ್ರಾಮಿಕ ತಗುಲಿದಂತೆ ಒಬ್ಬರಾದ ಮೇಲೆ ಒಬ್ಬರು ನೆಲಕ್ಕೆ ಬೀಳುತ್ತಾರೆ. ಪೆಟ್ಟು ಮೊಣಕಾಲಿಗಾದರೆ ಮುಖ ಮುಚ್ಚಿಕೊಳ್ಳುತ್ತಾರೆ, ಬೆರಳಿನ ಸಂದಿಯಿಂದ ರೆಫರಿ ಎಲ್ಲಿದ್ದಾನೆಂದು ನೋಡುತ್ತಾರೆ. ಗೆರೆಯಾಚೆ ಬಿದ್ದವರು ಉರುಳಿಕೊಂಡು ಗೆರೆಯೊಳಗೆ ಬಂದು ನರಳುತ್ತಾರೆ, ಹೊರಗೆ ನರಳಿದರೆ ಆಟ ನಿಲ್ಲುವುದಿಲ್ಲವಲ್ಲ. ಸ್ಟ್ರೆಚರ್ ಕಂಡೊಡನೆ ಕಾಯಿಲೆ ವಾಸಿ. ಇದನ್ನೆಲ್ಲ ಕಂಡೂ ಸುಮ್ಮನಿರಲು ನನ್ನ ಕಸುಬು ಬಿಡಬೇಕಲ್ಲ. ನಿಮ್ಮ ಸಮಿತಿಗೆ ದೂರು ಬರೆಯತೊಡಗಿದೆ. ನಾನು ಬರೆದುಕೊಟ್ಟದ್ದನ್ನು ಧನ್ಯಾ ತನ್ನ ಫೋನಿನಲ್ಲಿ ಟೈಪ್ ಮಾಡಿ, ಇದಕ್ಕೆಂದೇ ತೆರೆದ ಹೊಸ ವಿಳಾಸದಿಂದ ಮೇಲ್ ಮಾಡುತ್ತಿದ್ದಳು. ಮೊಮ್ಮಗಳಿಗೆ ತೊಂದರೆಯಾಗಬಾರದೆಂದು ಕೆಳಗೆ ಹೆಸರು ಹಾಕುತ್ತಿರಲಿಲ್ಲ, ‘ಎ ಫುಟ್‌ಬಾಲ್ ಲವರ್’ ಎಂದಷ್ಟೇ ಇರುತ್ತಿತ್ತು. ನೌಕರಿಯುದ್ದಕ್ಕೂ ಹೆಸರಿಲ್ಲದ ಅರ್ಜಿಗಳನ್ನು ಕಸದ ಬುಟ್ಟಿಗೆ ಹಾಕಿದವನು ನಿವೃತ್ತಿಯ ನಂತರ ಅಂಥದೇ ಅರ್ಜಿ ಬರೆದೆ. ನಿಮ್ಮ ಮೇಲಿನವರಿಗೂ ಪ್ರತಿ ಕಳಿಸಿದೆ. “ಆಫೀಸು ಸಾಕಾಗ್ಲಿಲ್ಲ ಅಂತ ಈಗ ಮೈದಾನಾನೂ ಬೇಕಾಯ್ತಾ ನಿಮಗೆ?” ಎಂದು ವಿಜಯಮ್ಮ ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಗಾಲದ ಆರಂಭಕ್ಕೆ ನಿಮ್ಮ ಸುತ್ತೋಲೆ ಬಂತು. ಪೆಟ್ಟಾಗದೆ ಬೀಳುವವರ ವಿರುದ್ಧ ಕಠಿಣ ಕ್ರಮ, ರೆಫರಿಯ ವರದಿಯಲ್ಲಿ ‘ನಟನೆ’ ಎಂದು ನಮೂದಾದರೆ ಸಮಿತಿಯ ವಿಚಾರಣೆ, ಆರೋಪ ಸಾಬೀತಾದರೆ ಆ ವರ್ಷದ ರಾಜ್ಯ ಶಿಬಿರಕ್ಕೆ ಹೆಸರು ಕಳಿಸುವುದಿಲ್ಲ. ಅಂದು ನಾನು ಮನೆಯಲ್ಲಿ ಕೇಸರಿಬಾತು ಮಾಡಿಸಿದೆ. ಧನ್ಯಾಳೂ ತಿಂದಳು.

ಮುಂದಿನದು ನಿಮ್ಮ ಕಡತದಲ್ಲೇ ಇದೆ, ಆದರೂ ಕಣ್ಣಾರೆ ಕಂಡವನು ಹೇಳುತ್ತೇನೆ. ಡಿಸೆಂಬರಿನ ಪಂದ್ಯ, ಎರಡೂ ಕಡೆ ಗೋಲಿಲ್ಲ, ಆಟ ಮುಗಿಯುತ್ತಾ ಬಂದಿತ್ತು. ಧನ್ಯಾ ಚೆಂಡು ತೆಗೆದುಕೊಂಡು ಎಡಗಡೆಯಿಂದ ಪೆನಾಲ್ಟಿ ಬಾಕ್ಸಿನೊಳಗೆ ನುಗ್ಗಿದಳು. ಎದುರಾಳಿ ಹುಡುಗಿಯ ಮೊಣಕಾಲು ಅವಳ ಕಣಕಾಲಿಗೆ ಬಡಿಯಿತು. ಬಿದ್ದಳು. ಮುಖ ಮುಚ್ಚಿಕೊಳ್ಳಲಿಲ್ಲ, ಕಿರುಚಲಿಲ್ಲ, ರೆಫರಿಯ ಕಡೆ ನೋಡಲೂ ಇಲ್ಲ. ಎರಡು ಕೈ ನೆಲಕ್ಕೂರಿ ಏಳಲು ನೋಡಿದಳು, ಮತ್ತೆ ಬಿದ್ದಳು. ರೆಫರಿ ಬಂದು ಮೇಲೆ ನಿಂತು, “ಉಠೋ ಉಠೋ, ಬಹುತ್ ಹೋ ಗಯಾ ಡ್ರಾಮಾ”, ನಾಟಕ ಸಾಕು, ಏಳು ಎಂದು ಹಳದಿ ಕಾರ್ಡು ತೋರಿಸಿದ. ಪಂದ್ಯಕ್ಕೆ ಮುಂಚೆ ಆತ ಎದುರಾಳಿ ಕ್ಲಬ್ಬಿನ ಕಾರ್ಯದರ್ಶಿಯ ಜೊತೆ ನಿಂತು ಚಹಾ ಕುಡಿದದ್ದನ್ನೂ ನಾನು ನೋಡಿದ್ದೆ. ಚಹಾ ಕುಡಿಯುವುದು ಅಪರಾಧವಲ್ಲ, ಒಪ್ಪುತ್ತೇನೆ. ಆದರೆ ಚಹಾದ ದುಡ್ಡು ಯಾರು ಕೊಟ್ಟರೆಂದು ಗಮನಿಸದೆ ಇರುವುದು ನನ್ನಿಂದ ಆಗುವುದಿಲ್ಲ. ಸಂಜೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಣಕಾಲಿನ ಹೊರಮೂಳೆ ಬಿರುಕುಬಿಟ್ಟಿತ್ತು.

ಜನವರಿಯಲ್ಲಿ ವಿಚಾರಣೆಗೆ ಕರೆದಿರಿ. ಅಪ್ಪ ಅಮ್ಮನಿಗೆ ಕೆಲಸ, ಹಾಗಾಗಿ ನಾನು ಅವಳನ್ನು ಕರೆತಂದೆ. ಹೊರಗೆ ಕಣ್ಣುರಿಯುವ ಹೊಗೆಮಂಜು. ನಾನು ಮಂಕಿ ಕ್ಯಾಪು, ಮಫ್ಲರು, ಮಾಸ್ಕು ಎಲ್ಲ ಹಾಕಿದ್ದೆ. ನೀವು ನನ್ನ ಹೆಸರು ಕೇಳಲಿಲ್ಲ, “ಬೈಠಿಯೇ ಬಾಬೂಜೀ” ಎಂದಿರಿ. ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿ ಊರುಗೋಲು ಹಿಡಿದು ಕೂತ ಹುಡುಗಿಯನ್ನು ನೋಡಿ ನೀವು ಕೇಳಿದ ಮೊದಲ ಪ್ರಶ್ನೆ, “ಪ್ಲಾಸ್ಟರ್ ಅಸಲೀ ಹೈ ನಾ?” ಸಮಿತಿಯವರು ನಕ್ಕರು. ಎಕ್ಸ್‌ರೇ ಕೊಟ್ಟೆವು. ಮೂಳೆ ಬಿರುಕುಬಿಟ್ಟಿರುವುದು ಇದರಲ್ಲಿ ಕಾಣುತ್ತದೆ, ಎಲ್ಲಿ ಬಿರುಕುಬಿಟ್ಟಿತೆಂದು ಕಾಣುವುದಿಲ್ಲ, ಬಚ್ಚಲಲ್ಲೂ ಜಾರಿರಬಹುದು ಎಂದಿರಿ. ಅವಳ ಗೆಳತಿ ತೆಗೆದ ವಿಡಿಯೋ ಕೊಟ್ಟೆವು. ನೋಡಿ ಫೋನು ಹಿಂದಕ್ಕೆ ಕೊಟ್ಟಿರಿ. ಆಮೇಲೆ ರೆಫರಿಯ ವರದಿಯನ್ನು ಓದಿದಿರಿ. ಆಟಗಾರ್ತಿ ತಕ್ಷಣ ಏಳಲು ಪ್ರಯತ್ನಿಸಿದ್ದರಿಂದ ಗಂಭೀರ ಪೆಟ್ಟಾಗಿಲ್ಲವೆಂದು ಖಾತ್ರಿಯಾಯಿತು ಎಂದು ಆತ ಬರೆದಿದ್ದ. ಏಳದೆ ಮಲಗಿದ್ದರೆ? ಸಮಯ ಕೊಲ್ಲುತ್ತಿದ್ದಳು ಎಂದು ಬರೆಯುತ್ತಿದ್ದ. ಹಾಗಾದರೆ ಮಾನ್ಯರೇ, ನಿಮ್ಮ ಲೀಗಿನಲ್ಲಿ ಮೂಳೆ ಮುರಿದವರು ಹೇಗೆ ಬೀಳಬೇಕು, ಬಿದ್ದ ಮೇಲೆ ಏನು ಮಾಡಬೇಕು? ಸುತ್ತೋಲೆಯಲ್ಲಿ ಅದಕ್ಕೊಂದು ಚಿತ್ರವನ್ನಾದರೂ ಹಾಕಬಾರದಿತ್ತೇ?

ಅಷ್ಟರಲ್ಲಿ ನಿಮ್ಮ ಫೋನು ರಿಂಗಾಯಿತು. “ಏಕ್ ಮಿನಿಟ್” ಎಂದು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಮಾತಾಡಿದಿರಿ. ಕನ್ನಡದಲ್ಲಿ.

ದೆಹಲಿಯಲ್ಲಿ ನಾವು ಕನ್ನಡದವರೆಲ್ಲ ಮಾಡುವ ತಪ್ಪು ಇದು. ಮೆಟ್ರೋದಲ್ಲಿ ನಿಂತು ಪಕ್ಕದವನ ಬಗ್ಗೆಯೇ ಮಾತಾಡುತ್ತೇವೆ. ತರಕಾರಿ ಭಯ್ಯಾನ ಎದುರಿಗೇ ಅವನ ತಕ್ಕಡಿಯನ್ನು ಬೈಯುತ್ತೇವೆ. ಗೋಡೆಗೆ ಕಿವಿಯಿದ್ದರೂ ಆ ಕಿವಿಗೆ ಕನ್ನಡ ಬಾರದೆಂಬ ಧೈರ್ಯ ನಮಗೆ. ಬೇರೆ ದಿನವಾಗಿದ್ದರೆ, ನಮ್ಮ ಮೈಸೂರು ಕಡೆಯ ಮಾತು ಕೇಳಿದ ಖುಷಿಗೆ ನಾನೇ ಎದ್ದು ಯಾವೂರು ಸ್ವಾಮಿ ಎಂದು ವಿಚಾರಿಸುತ್ತಿದ್ದೆ. ಅಂದು ನೀವು ಆಡಿದ್ದು ನನಗೆ ಬಾಯಿಪಾಠವಾಗಿದೆ.

“ಹಿಯರಿಂಗಲ್ಲಿದೀನಿ ಕಣಯ್ಯಾ. ಅದೇ, ಬಿದ್ದ ಹುಡುಗೀದು. ಇಲ್ಲಪ್ಪ, ನಿಜವಾಗ್ಲೂ ಪೆಟ್ಟಾಗಿದೆ. ವಿಡಿಯೋ ನೋಡಿದೆ, ಮಂಡಿ ಸರಿಯಾಗೇ ತಗಲಿದೆ. ಆದ್ರೆ ರೆಫ್ರಿ ಬರೆದಿದ್ದನ್ನ ಹೊಡೆದುಹಾಕಿದ್ರೆ ನಾಳೆ ಯಾವನು ಸೀಟಿ ಊದಕ್ಕೆ ಬರ್ತಾನೆ ಹೇಳು? ಅದ್ಯಾವನೋ ಫುಟ್‌ಬಾಲ್ ಲವರ್ ಅಂತೆ, ವರ್ಷಪೂರ್ತಿ ಮೇಲ್ ಮಾಡಿ ತಲೆ ತಿಂದಿದಾನೆ, ಬೀಳೋರ ಮೇಲೆ ಕ್ರಮ ತಗೊಳ್ಳಿ ಅಂತ. ಮೇಲಿನೋರು ಏನು ಮಾಡಿದ್ರಿ ಅಂತ ಕೇಳ್ತಿದಾರೆ. ಯಾರದಾದ್ರೂ ಒಂದು ಹೆಸರು ತೋರಿಸ್ಬೇಕಲ್ಲ. ಚಲೋ, ಸಂಜೆ ಸಿಗೋಣ.”

ಕುರ್ಚಿ ತಿರುಗಿಸಿ ಹಿಂದಿಗೆ ಮರಳಿದಿರಿ. ಪೆಟ್ಟಾಗಿತ್ತೆಂಬುದಕ್ಕೆ ಸಮಿತಿಗೆ ಯಾವ ಪುರಾವೆಯೂ ಸಿಗಲಿಲ್ಲ, ರೆಫರಿಯ ಮಾತೇ ಅಂತಿಮ ಎಂದಿರಿ. ನಾನೇಕೆ ಆಗಲೇ ಬಾಯಿ ತೆರೆಯಲಿಲ್ಲ ಎಂದು ಓದುಗರು ಕೇಳಬಹುದು. ಆರೋಪಿ ತಾನಾಗಿ ಮಾತಾಡುವಾಗ ಅಡ್ಡ ಬಾಯಿ ಹಾಕಬಾರದೆಂಬುದು ನನ್ನ ಕಸುಬಿನ ಮೊದಲ ಪಾಠ ಎಂದು ಜಂಬದಿಂದ ಹೇಳಬಹುದಿತ್ತು. ಅದು ಸುಳ್ಳು. ‘ಫುಟ್‌ಬಾಲ್ ಲವರ್’ ಎಂಬ ಹೆಸರು ನಿಮ್ಮ ಬಾಯಲ್ಲಿ ಬಂದ ಮೇಲೆ ನಾನು ಮಫ್ಲರನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದನ್ನು ಕೇಳಿದ್ದೆ. ನಾನು ತೋಡಿದ ಹಳ್ಳಕ್ಕೆ ಬಿದ್ದವಳು ಮೊಮ್ಮಗಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ಒಬ್ಬ ಅಪರಿಚಿತ ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟ. ಅವನು ಎಕ್ಸ್‌ರೇ ಕೇಳಲಿಲ್ಲ. ಧನ್ಯಾ ಕೂತು ಊರುಗೋಲನ್ನು ಪಕ್ಕಕ್ಕೆ ಒರಗಿಸಿದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ, “ತಾತಾ, ಅವ್ರಿಗೆ ಗೊತ್ತಿತ್ತು” ಎಂದಳು. ನಾನು ಹೂಂ ಎಂದೆ. “ಪತಾ ಥಾ, ಫಿರ್ ಭೀ” ಎಂದಳು, ಗೊತ್ತಿದ್ದೂ ಹೀಗೆ ಮಾಡಿದರಲ್ಲ ಎಂಬಂತೆ. ನಿನಗೆ ಹೀಗಾದದ್ದು ನನ್ನಿಂದ ಕಣೇ ಎಂದು ನಾನು ಶುರುಮಾಡಿದೆ. ಅವಳು ತಲೆ ಅಲ್ಲಾಡಿಸಿದಳು. “ಮೇಲ್ ನಾನೇ ತೋ ಸೆಂಡ್ ಮಾಡಿದ್ದು, ತಾತಾ.” ತುಂಬಿದ ಬೋಗಿಯಲ್ಲಿ, ಮಾಸ್ಕಿನೊಳಗೆ, ನಾನು ಅತ್ತೆ.

ಸುಳ್ಳೇ ಬೀಳುವವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಮೊದಲಿಗಿಂತ ಹೆಚ್ಚೇ ಇದೆ. ನಿಜವಾಗಿ ಬಿದ್ದವಳನ್ನು ಯಾರೂ ನಂಬದ ಹಾಗೆ ಮಾಡಿದವರಲ್ಲಿ ಅವರೂ ಇದ್ದಾರೆ. ಆದರೆ ಅವರದು ಹತ್ತೊಂಬತ್ತು ಇಪ್ಪತ್ತರ ವಯಸ್ಸು, ಒಂದು ಗೋಲಿನ ಆಸೆ. ನಿಮ್ಮದು? ಪೆಟ್ಟಾಗದೆ ಪೆಟ್ಟಾದಂತೆ ನಟಿಸಿದರೆ ಹಳದಿ ಕಾರ್ಡು ಸರಿ. ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಿದವರಿಗೆ ನಿಮ್ಮ ಸುತ್ತೋಲೆಯಲ್ಲಿ ಯಾವ ಬಣ್ಣದ ಕಾರ್ಡು ಇಟ್ಟಿದ್ದೀರಿ? ಅಂಥ ಮಾತು ನಾನು ಆಡಲೇ ಇಲ್ಲ ಎಂದು ನೀವು ಹೇಳಬಹುದು. ನನ್ನ ಬಳಿ ಧ್ವನಿಮುದ್ರಣವಿಲ್ಲ. ಮುದುಕ ಮೊಮ್ಮಗಳಿಗಾಗಿ ಕಥೆ ಕಟ್ಟುತ್ತಿದ್ದಾನೆ ಎಂದು ಜನ ಅನುಮಾನಿಸಬಹುದು, ಅನುಮಾನಿಸಲಿ, ಆ ರುಚಿ ನಾನೂ ನೋಡಬೇಕಾದದ್ದೇ. ನೀವು ಹೇಳಿದಿರೆಂದು ನಿಮಗೆ ಗೊತ್ತಿದೆ, ನಾವು ಕೇಳಿಸಿಕೊಂಡೆವೆಂದು ಇವತ್ತಿನಿಂದ ಗೊತ್ತಾಯಿತು. ನೀವು ಕನ್ನಡದಲ್ಲಿ ಆಡಿದ ಮಾತಿಗೆ ಕನ್ನಡದಲ್ಲೇ, ಕನ್ನಡದವರ ಎದುರಿಗೇ ಉತ್ತರ ಕೊಡೋಣವೆಂದು ಈ ಪತ್ರಿಕೆಗೆ ಬರೆದೆ.

ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಸೆಕ್ಟರಿನ ಪಾರ್ಕಿನಲ್ಲಿ ನಿಧಾನವಾಗಿ ನಡೆಸುತ್ತಿದ್ದೆ. ಕಲ್ಲು ಎಡವಿ ಬಿದ್ದಳು. ನಾನು ಹತ್ತಿರ ಹೋಗುವ ಮೊದಲೇ ಎದ್ದು ನಿಂತು, ಕೈ ಬೆನ್ನ ಹಿಂದಿಟ್ಟುಕೊಂಡು, “ಕುಛ್ ನಹೀ ಹುವಾ, ತಾತಾ. ಸಚ್ಚೀ”, ಏನೂ ಆಗಿಲ್ಲ, ನಿಜವಾಗ್ಲೂ ಎಂದಳು. ಮನೆಗೆ ಬಂದ ಮೇಲೆ ವಿಜಯಮ್ಮ ನೋಡಿದಳು, ಅಂಗೈ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ನೋವಿಲ್ಲದೆ ನೋವೆನ್ನುವವರನ್ನು ಹಿಡಿಯುವುದು ನನಗೆ ಗೊತ್ತು. ನೋವಿದ್ದೂ ಇಲ್ಲವೆನ್ನುವ ಈ ಹುಡುಗಿಯನ್ನು ಮುಂದೆ ಹೇಗೆ ನಂಬಬೇಕೆಂದು ಗೊತ್ತಾಗುತ್ತಿಲ್ಲ.

ನನ್ನ ಬೇಡಿಕೆ ಸಣ್ಣದು. ರೆಫರಿಯನ್ನು ತೆಗೆಯಿರಿ ಎನ್ನುವುದಿಲ್ಲ, ನೀವು ಕುರ್ಚಿ ಬಿಡಿ ಎಂದೂ ಅಲ್ಲ. ಒಂದೇ ಊರಿನ ಕಡೆಯವರೆಂಬ ಸಲುಗೆಯೂ ಬೇಡ. ರಾಜ್ಯ ಶಿಬಿರಕ್ಕೆ ಹೆಸರು ಕಳಿಸುವ ಮೊದಲು, ನೀವು ಕಿಟಕಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ ಆ ಒಂದು ಮಾತನ್ನು, ಹುಡುಗಿಗೆ ನಿಜವಾಗಿಯೂ ಪೆಟ್ಟಾಗಿತ್ತು ಎಂಬುದನ್ನು, ಕುರ್ಚಿ ಇತ್ತ ತಿರುಗಿಸಿ ಹಿಂದಿಯಲ್ಲಿ ಹೇಳಿ.

ಇಂತಿ,
ಇನ್ನು ಮುಂದೆ ಹೆಸರು ಮುಚ್ಚಿಟ್ಟು ಬರೆಯದ ನಿಮ್ಮ ‘ಫುಟ್‌ಬಾಲ್ ಲವರ್’,
ವೆಂಕಟಸುಬ್ಬಯ್ಯ
(ಧನ್ಯಾಳ ತಾತ)
ಫರೀದಾಬಾದ್