ಅಕ್ಕನ ಪೆಟ್ಟಿಗೆಗೆ ಒಂಬತ್ತು ವೋಲ್ಟು

ಗುರುವಾರ, ಮಾರ್ಚ್ ೧೨

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಈ ಕಥೆಯನ್ನು ಮೊದಲು ಹೇಳಿದವನು ನಮ್ಮ ಬಸ್ಸಿನ ಕಂಡಕ್ಟರ್. ಮೊನ್ನೆ ಮಂಗಳವಾರ ಸಂಜೆ, ಡಿಪೋ ಕ್ಯಾಂಟೀನಿನ ಬೆಂಚಿನ ಮೇಲೆ ನಿಂತು. ತಂಗಿಯ ಮನೆಯಲ್ಲಿ ಮೊಮ್ಮಗಳನ್ನು ಆಡಿಸುತ್ತಿರುವ ನಿನಗೂ ತಲುಪಲಿ ಎಂದು ಬರೆಯುತ್ತಿದ್ದೇನೆ. ಅವನು ಹಚ್ಚಿದ ಉಪ್ಪುಖಾರ ಒರೆಸಿದ್ದೇನೆ. ನನ್ನ ಕೆನ್ನೆಗಳ ಬಗ್ಗೆ ಹೇಳಿದ್ದನ್ನಂತೂ ಬರೆಯುವುದಿಲ್ಲ.

ಅಕ್ಕ ವರ್ಷವಿಡೀ ಬೆಸುಗೆ ಹಾಕಿ ಕೂಡಿಸಿದ ಕಂಪ್ಯೂಟರ್ ನೀನು ನೋಡಿದ್ದೀಯಲ್ಲ. ಪರದೆ ಇಲ್ಲ, ಐವತ್ತು ವರ್ಷದ ಹಿಂದಿನವುಗಳ ಹಾಗೆ ಸಾಲು ಸ್ವಿಚ್ಚು, ಮೇಲೆ ಕೆಂಪು ದೀಪ. ಮಿಣುಕುಪೆಟ್ಟಿಗೆ ಎನ್ನುತ್ತಿದ್ದೆ ನೀನು. ಗ್ರಂಥಾಲಯದಲ್ಲಿ ಹುಡುಗಿಯರಿಗೆ ಭಾನುವಾರದ ಎಲೆಕ್ಟ್ರಾನಿಕ್ಸ್ ತರಗತಿ ಶುರುವಾಗುವುದಿತ್ತು. ರೇಡಿಯೊ ರಿಪೇರಿಯವಳು ಕಲಿಸಬಲ್ಲಳೇ ಎಂದು ಸಮಿತಿಗೆ ಅನುಮಾನ. ಮಂಗಳವಾರ ಹನ್ನೆರಡರೊಳಗೆ ಪೆಟ್ಟಿಗೆ ನಡೆಸಿ ತೋರಿಸಿದರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು.

ಅವತ್ತು ನಾನು ಓಡಿಸುವ ಬಸ್ಸಿನಲ್ಲೇ ಬಂದಳು. ಕೊನೆಯ ನಿಲ್ದಾಣ ಗ್ರಂಥಾಲಯದ ಬಾಗಿಲಲ್ಲೇ. ಇಳಿದು ಚೀಲ ತೆಗೆದರೆ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರ್ ಇಲ್ಲ. ಮರೆತು ಬಂದೆ ಅಂದಳು ಸಮಿತಿಗೆ.

ಗಂಟೆ ಹನ್ನೊಂದೂವರೆ. ಪೆಟ್ಟಿಗೆಗೆ ಬೇಕಾದದ್ದು ಒಂಬತ್ತು ವೋಲ್ಟು, ಬಸ್ಸಿನದು ಇಪ್ಪತ್ತನಾಲ್ಕು. ಇರೋ ಎರಡು ಬ್ಯಾಟರೀಲಿ ಒಂದರಿಂದ ತಗೊಂಡ್ರೆ ಹನ್ನೆರಡೇ ಅಲ್ವೇನಕ್ಕ, ಮೂರು ಜಾಸ್ತಿ ಆದ್ರೆ ಏನು ಮಹಾ ಅಂದೆ. ಆ ಮೂರು ಬಿಸಿಯಾಗಿ ಅದರ ಹೊಟ್ಟೇಲೇ ಕೂರುತ್ತೆ ಕಣೋ, ನಿನ್ನ ಹಾಗೆ ಬೆವರು ಒರೆಸ್ಕೊಳ್ಳೋಕೆ ಅದಕ್ಕೆ ಟವೆಲ್ ಇಲ್ಲ ಅಂದಳು.

ವೋಲ್ಟೇಜು ಇಳಿಸುವ ಬೆಂಕಿಪೊಟ್ಟಣದಷ್ಟು ಬೋರ್ಡು ಅವಳ ಚೀಲದಲ್ಲಿತ್ತು. ಅದನ್ನು ಬಸ್ಸಿನ ಎರಡೂ ಬ್ಯಾಟರಿಗೆ ಸೇರಿಸಿ ಜೋಡಿಸಿ, ತಿರುಪು ತಿರುಗಿಸಿ, ಮೀಟರಿನಲ್ಲಿ ಒಂಬತ್ತು ತಂದಳು. ಆದರೂ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ನನ್ನಿಂದ ಒಂದು ಇಂಡಿಕೇಟರ್ ಬಲ್ಬು ಇಸಕೊಂಡು ಬೋರ್ಡಿಗೆ ಅದನ್ನು ಹಚ್ಚಿದಳು. ಹತ್ತು ನಿಮಿಷ ಇದು ಬಾಳಲಿ, ಆಮೇಲೆ ನನ್ನ ಕೂಸು ಅಂದಳು. ಬಲ್ಬು ಮಂಕಾಗಿ ಉರಿಯಿತು. ಸಮಿತಿಯ ಹಿರಿಯರು ಬಗ್ಗಿ ಗ್ರಂಥಾಲಯದೊಳಗಿನ ಗೋಡೆ ಗಡಿಯಾರ ನೋಡಿದರು.

ಅಷ್ಟರಲ್ಲಿ ಜನ ಮುತ್ತಿಕೊಂಡರು. ಚದುರಿಸಲು ಕಂಡಕ್ಟರ್ ಎರಡು ಸಲ ಸೀಟಿ ಊದಿದ. ನಾನು ನನ್ನ ಸೀಟಿನಲ್ಲಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ ಅಮ್ಮ, ಎರಡು ಸೀಟಿ ಕೇಳಿದರೆ ಕೈ ನನ್ನನ್ನು ಕೇಳುವುದಿಲ್ಲ. ಕೀ ತಿರುಗಿಸಿಯೇಬಿಟ್ಟಿತು, ಎಂಜಿನ್ ಗುಡುಗಿತು. ಆ ಏಟಿಗೆ ಬೋರ್ಡು ಚಟ್ ಎಂದಿತು, ಬಲ್ಬು ಹಾಡುಹಗಲಲ್ಲೇ ಕಣ್ಣು ಕುಕ್ಕಿತು. ಇಪ್ಪತ್ತನಾಲ್ಕೂ ನೇರ ನುಗ್ಗಿತ್ತು. ಆ ಜಾಗದಲ್ಲಿ ಪೆಟ್ಟಿಗೆ ಇದ್ದಿದ್ದರೆ ಒಂದು ವರ್ಷದ ಕೆಲಸ ಹೊಗೆಯಾಗುತ್ತಿತ್ತು.

ಅಕ್ಕ ಬೈಯಲಿಲ್ಲ. ಕಂಡಕ್ಟರನ ಟಾರ್ಚಿನಿಂದ ಮೂರು ಸೆಲ್ಲು, ಗ್ರಂಥಾಲಯದ ಮೂರು ಗೋಡೆ ಗಡಿಯಾರಗಳಿಂದ ಒಂದೊಂದು. ಆರನ್ನೂ ಸಾಲಾಗಿ ಕಟ್ಟಿ ಅಳೆದಳು: ಎಂಟೂವರೆ. ಏಳರ ಮೇಲಿದ್ರೆ ಸಾಕು ಅಂದಳು. ಆಗಲೂ ಮೊದಲು ಬಲ್ಬು, ಆಮೇಲೆ ಪೆಟ್ಟಿಗೆ.

ಹನ್ನೆರಡಾಯ್ತೇನಮ್ಮ ಅಂತ ಹಿರಿಯರು ಗೋಡೆಗೆ ತಿರುಗಿದರು. ಮುಳ್ಳುಗಳು ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ನಿಂತಿದ್ದವು. ಇನ್ನೂ ಆಗಿಲ್ಲ ಸಾರ್ ಅಂದಳು ಅಕ್ಕ. ಮೊದಲು ನಕ್ಕವರು ಅವರೇ. ಅವರು ನಗುತ್ತಿರುವಾಗಲೇ ಕೆಂಪು ದೀಪಗಳು ಎಡದಿಂದ ಬಲಕ್ಕೆ ಓಡತೊಡಗಿದವು. ಬರುವ ಭಾನುವಾರದಿಂದಲೇ ತರಗತಿ, ಅಮ್ಮ.

ಕಥೆ ಕೇಳಿದ ಡಿಪೋದ ಮೆಕ್ಯಾನಿಕ್ಕುಗಳು ಸಂಜೆ ಬರೀ ನಕ್ಕು ಎದ್ದುಹೋದರು. ಬುಧವಾರ ಬೆಳಿಗ್ಗೆ ನೋಡಿದರೆ ಒಬ್ಬೊಬ್ಬರ ಜೇಬಿನಲ್ಲೂ ಎರಡು ತಂತಿ ಬೆಸೆದ ಒಂದೊಂದು ಇಂಡಿಕೇಟರ್ ಬಲ್ಬು.

ಇಂತಿ ನಿನ್ನ ಮಗ,
ಡ್ರೈವರ್

ತಾ.ಕ.: ಅಕ್ಕ ಏನನ್ನೂ ಮರೆತಿರಲಿಲ್ಲ. ಸಮಿತಿಯ ಮುಂದೆ ಅವಳ ತಮ್ಮ ನೀಟಾಗಿ ಕಾಣಲಿ ಎಂದು, ಬೆಳಿಗ್ಗೆ ಅವಳ ಅಡಾಪ್ಟರನ್ನು ನನ್ನ ಗಡ್ಡದ ಮಷೀನಿಗೆ ಚುಚ್ಚಿದೆ. ಅರ್ಧ ಗಡ್ಡಕ್ಕೇ ಅಡಾಪ್ಟರ್ ಸುಟ್ಟುಹೋಯಿತು; ಬಚ್ಚಿಟ್ಟೆ. ಖಾಲಿ ಚೀಲ ನೋಡಿದ ಅಕ್ಕ ತಲೆಯೆತ್ತಿ ನನ್ನ ನುಣುಪಾದ ಎಡಗೆನ್ನೆ ನೋಡಿದಳು, ಗಡ್ಡವಿದ್ದ ಬಲಗೆನ್ನೆ ನೋಡಿದಳು. ಆಮೇಲೆ ಸಮಿತಿಯತ್ತ ತಿರುಗಿ, ಮರೆತು ಬಂದೆ ಅಂದಳು.