ನಾಲ್ಕು ಖಾಲಿ ಕುರ್ಚಿಗಳ ಸನ್ನಿಧಿಗೆ

ಭಾಷಾ ಪ್ರವೇಶ ವಿಭಾಗದ ಮಾನ್ಯ ನಿರ್ದೇಶಕರೇ, ಅವರ ಬಲಗಡೆ ಆಸೀನವಾಗಿರುವ ನಿಯಮಾವಳಿಯೇ, ಎಡಗಡೆ ಗುರುಗುಟ್ಟುತ್ತಿರುವ ಮುದ್ರಣಯಂತ್ರವೇ, ಹಾಗೂ ಸಭೆಯ ಮುಂದಿನ ಸಾಲನ್ನು ಮೌನವಾಗಿ ಅಲಂಕರಿಸಿರುವ ನಾಲ್ಕು ಖಾಲಿ ಕುರ್ಚಿಗಳೇ,

ಬರುವ ಮಂಗಳವಾರ ಶಾಲೆ ಶುರು. ನಮ್ಮ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಅರ್ಧ ದಿನ ಸ್ಪ್ಯಾನಿಷ್, ಅರ್ಧ ದಿನ ಇಂಗ್ಲಿಷ್ ಕಲಿಸುವ ಒಂದು ತರಗತಿ ಇದೆ. ಐದು ವರ್ಷದ ಮಕ್ಕಳಿಗೆ ಅಲ್ಲಿ ಇಪ್ಪತ್ತನಾಲ್ಕು ಕುರ್ಚಿ. ಅದರಲ್ಲಿ ನಾಲ್ಕು ಖಾಲಿ. ಅರೆಲಿ ಎಂಬ ಹುಡುಗಿ ಹುಟ್ಟಿದಂದಿನಿಂದ ಅಜ್ಜಿಯ ಮಡಿಲಲ್ಲಿ ಸ್ಪ್ಯಾನಿಷ್ ಕೇಳಿಯೇ ಬೆಳೆದವಳು. ಅವಳು ನಿಮ್ಮ ಕಾಯುವ ಪಟ್ಟಿಯಲ್ಲಿ ಮೂವತ್ತೇಳನೆಯವಳು. ಕುರ್ಚಿ ಇದೆ, ಮಗು ಇದೆ, ಭಾಷೆ ಇದೆ. ಇಲ್ಲದಿರುವುದು ಏನು ಎಂದು ಕೇಳಲು ಈ ಪತ್ರ.

ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಹುಬ್ಬೇರಿಸಬೇಡಿ. "ನಿಮಗೆ ಒಗ್ಗುವ ಯಾವ ಭಾಷೆಯಲ್ಲಾದರೂ ಬರೆಯಿರಿ, ನಾವು ಅನುವಾದ ಮಾಡಿಸಿಕೊಳ್ಳುತ್ತೇವೆ" ಎಂದು ನಿಮ್ಮ ಜಾಲತಾಣದಲ್ಲಿ ನಗುವ ಮಕ್ಕಳ ಚಿತ್ರದ ಕೆಳಗೆ ಬರೆಸಿದ್ದೀರಿ. ನಿಮ್ಮ ಮಾತನ್ನು ನಂಬಿದವರು ಒಬ್ಬರಾದರೂ ಇರಲಿ ಎಂದು ನಂಬಿದ್ದೇನೆ. ಅನುವಾದಕರು ಸಿಗದಿದ್ದರೆ ನಿಮ್ಮದೇ ಬೋಧನಾ ಕ್ರಮ ಅನುಸರಿಸಿ: ಅರ್ಥವಾಗದ ಭಾಷೆಯ ನಡುವೆ ದಿನಕ್ಕೆ ಮೂರು ಗಂಟೆ ಸುಮ್ಮನೆ ಕೂತುಬಿಡಿ, ಮೆಲ್ಲಗೆ ಬರುತ್ತದಂತೆ. ಒಂದು ಪ್ರತಿಯನ್ನು ಕನ್ನಡ ಓದುಗರಿಗೂ ಕಳಿಸುತ್ತಿದ್ದೇನೆ, ಸಾಕ್ಷಿಗಿರಲಿ ಎಂದು. ನಡುನಡುವೆ ಪ್ರಾಸ ಬಂದರೆ ಕ್ಷಮಿಸಿ. ಅದು ಕಾಲೇಜಿನಿಂದ ನನಗಂಟಿದ ಚಾಳಿ. ಕಚೇರಿಗಳಿಗೆ ಅಂಟಿದ್ದಕ್ಕಿಂತ ಕಡಿಮೆ ಅದರ ಹಾವಳಿ.

ನಿಮ್ಮ ಪದ್ಧತಿಯನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಸಾಲು ಎರಡು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಹನ್ನೆರಡು ಕುರ್ಚಿ, ಇಂಗ್ಲಿಷ್ ಆಡುವ ಮಕ್ಕಳಿಗೆ ಹನ್ನೆರಡು. ಒಬ್ಬರಿಂದ ಒಬ್ಬರು ಕಲಿಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶ, ಇದರಲ್ಲಿ ವ್ಯಂಗ್ಯವಿಲ್ಲ. ಇಂಗ್ಲಿಷ್ ಸಾಲಿನಲ್ಲಿ ಎಪ್ಪತ್ತಮೂರು ಅರ್ಜಿ. ಗುಡ್ಡದ ಮೇಲಿನ ಹೊಸ ಬಡಾವಣೆಯ ತಂದೆತಾಯಂದಿರು, ಎರಡು ಭಾಷೆ ಕಲಿತರೆ ಮಗುವಿನ ಮೆದುಳು ಚುರುಕಾಗುತ್ತದೆಂದು ಎಲ್ಲೋ ಓದಿದವರು, ಸೀಟು ಹಂಚುವ ಲಾಟರಿಯ ದಿನ ಊಟ ಬಿಟ್ಟು ಕಾದಿದ್ದರು. ಸ್ಪ್ಯಾನಿಷ್ ಸಾಲಿನಲ್ಲಿ ಎಂಟೇ ಅರ್ಜಿ! ತರಕಾರಿ ಕಾರ್ಖಾನೆ, ಸಸಿಗಳ ನರ್ಸರಿ, ಸ್ಟ್ರಾಬೆರಿ ತೋಟಗಳೆಲ್ಲ ಸ್ಪ್ಯಾನಿಷಿನಲ್ಲೇ ಉಸಿರಾಡುವ ಓರೆಗಾನ್ ರಾಜ್ಯದ ಈ ಪಟ್ಟಣದಲ್ಲಿ ಎಂಟು ಮಕ್ಕಳು ಮಾತ್ರ ಸ್ಪ್ಯಾನಿಷ್ ಆಡುತ್ತಾರೆ ಎಂದು ನಿಮ್ಮ ಕಡತ ಹೇಳಿದಾಗ ನಿಮಗೆ ಒಂದು ಚೂರೂ ಅನುಮಾನ ಬರಲಿಲ್ಲವೇ? ಬೆಳಗಿನ ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲಿ ಎರಡು ನಿಮಿಷ ನಿಂತಿದ್ದರೂ ಸಾಕಿತ್ತಲ್ಲ?

ಉಳಿದವರು ಎಲ್ಲಿ ಹೋದರು ಎಂದರೆ, ಕಾಗದದ ಮೇಲೆ ಇಂಗ್ಲಿಷರಾಗಿ ಹೋದರು.

ಮಗುವನ್ನು ಮೊದಲ ಸಲ ಶಾಲೆಗೆ ಸೇರಿಸುವಾಗ ನೀವು ಒಂದು ಫಾರ್ಮ್ ಕೊಡುತ್ತೀರಿ. ಅದರಲ್ಲಿ ನಾಲ್ಕು ಖಾನೆ. ಮಗು ಮೊದಲು ಆಡಿದ ಭಾಷೆ ಯಾವುದು? ಮನೆಯಲ್ಲಿ ಹೆಚ್ಚು ಆಡುವುದು ಯಾವುದು? ನೀವು ಮಗುವಿನ ಜೊತೆ ಆಡುವುದು ಯಾವುದು? ಮನೆಯ ಹಿರಿಯರು ತಮ್ಮತಮ್ಮಲ್ಲಿ ಆಡುವುದು ಯಾವುದು? ನಮ್ಮ ವಠಾರದಲ್ಲಿ, ಅಂದರೆ ಕಾರ್ಖಾನೆಯ ಹಿಂದಿನ ಮೂರು ಸಾಲು ಮನೆಗಳಲ್ಲಿ, ಈ ನಾಲ್ಕಕ್ಕೂ ಉತ್ತರ ಒಂದೇ: ಇಂಗ್ಲಿಷ್. ಲಸಿಕೆ ಹಾಕಿಸುವ ಹಾಗೆ, ಮಗುವಿಗೆ ನಾಲ್ಕು ಮುಗಿಯುತ್ತಿದ್ದಂತೆ ಇದನ್ನೂ ಹಾಕಿಸಿಬಿಡುತ್ತಾರೆ.

ಯಾವ ರೋಗಕ್ಕೆ ಈ ಲಸಿಕೆ? ಅರೆಲಿಯ ತಾಯಿ ಯಾದಿರಾಳನ್ನು ಕೇಳಿ. ಇಪ್ಪತ್ತಾರು ವರ್ಷದ ಹಿಂದೆ ಅವಳ ಅಪ್ಪ ಇದೇ ಫಾರ್ಮಿನಲ್ಲಿ ನಿಜ ಬರೆದ. ಅಂದಿನಿಂದ ದಿನಾ ವಿಜ್ಞಾನದ ಪಾಠದ ಹೊತ್ತಿಗೆ ಅವಳನ್ನು ಎಬ್ಬಿಸಿ, ಆಟದ ಸಾಮಾನಿಡುವ ಕೋಣೆಯ ಪಕ್ಕದ ಕಿಟಕಿಯಿಲ್ಲದ ಕೊಠಡಿಗೆ ಕರೆದೊಯ್ದು, ಇದು ಸೇಬು, ಇದು ಚೆಂಡು ಎಂದು ಹೇಳಿಕೊಟ್ಟರು. ನಾಲ್ಕನೇ ತರಗತಿಯಲ್ಲಿ ಅವಳು ಅಪ್ಪನ ಆಸ್ಪತ್ರೆಯ ಕಾಗದಗಳನ್ನು ಇಂಗ್ಲಿಷಿನಿಂದ ಓದಿ ಹೇಳುತ್ತಿದ್ದಳು. ಶಾಲೆಯಲ್ಲಿ ಮಾತ್ರ ಇನ್ನೂ ಸೇಬು, ಚೆಂಡು. ಏಳನೇ ತರಗತಿಯವರೆಗೆ ಹೀಗೆ. ಇವತ್ತಿಗೂ ಯಾದಿರಾ ಹೇಳುತ್ತಾಳೆ: "ಗಿಡ ಹೇಗೆ ಊಟ ಮಾಡುತ್ತೆ ಅಂತ ನಂಗೆ ಯಾರೂ ಹೇಳ್ಕೊಡ್ಲಿಲ್ಲ ಕಣ್ರೀ. ಅವತ್ತೂ ನಾನು ಸೇಬು ಬರೀತಾ ಇದ್ದೆ."

ಈಗ ಕಾಲ ಬದಲಾಗಿದೆ, ನಿಮ್ಮ ಗೋಡೆಯ ಚಿತ್ರಗಳು ಬದಲಾಗಿವೆ. ಆಗ ಯಾವುದು ಕಾಯಿಲೆಯಾಗಿತ್ತೋ ಈಗ ಅದೇ ಕಲೆ. ಗುಡ್ಡದ ಮೇಲಿನ ಮಕ್ಕಳಿಗೆ ಎರಡನೆಯ ಭಾಷೆ ಒಡವೆ. ಗೇಟಿನ ಹಿಂದಿನ ಮಕ್ಕಳಿಗೆ ಮೊದಲನೆಯ ಭಾಷೆಯೇ ಗೊಡವೆ. ಒಳ್ಳೆಯದು, ಬದಲಾದಿರಿ. ಆದರೆ ಬದಲಾದ ಸುದ್ದಿಯನ್ನು ನಮ್ಮ ವಠಾರಕ್ಕೆ ಯಾರು ತಲುಪಿಸಬೇಕಿತ್ತು?

ನಾನು ಈ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮಕ್ಕಳ ತಟ್ಟೆಗೆ ಊಟ ಬಡಿಸುತ್ತೇನೆ, ಹಾಲಿನ ಡಬ್ಬಿ ಕೊಡುತ್ತೇನೆ. ಇಂಗ್ಲಿಷ್ ಮಾತ್ರ ಕಲಿಸುವ ತರಗತಿಗೆ ಹೋಗುವ ನಮ್ಮ ವಠಾರದ ಮಕ್ಕಳು ಸೆಪ್ಟೆಂಬರಿನಲ್ಲಿ ಹಾಲು ಕೇಳುವುದು ಅಜ್ಜಿಯ ಮಾತಿನಲ್ಲಿ. ಕ್ರಿಸ್ಮಸ್ ಹೊತ್ತಿಗೆ ಇಂಗ್ಲಿಷಿನಲ್ಲಿ. ಮರುವರ್ಷ ನಾನೇ ಸ್ಪ್ಯಾನಿಷಿನಲ್ಲಿ ಕೂಗಿದರೆ ತಲೆ ಎತ್ತುವುದಿಲ್ಲ. ಯಾರಾದರೂ ಕೇಳಿಸಿಕೊಂಡರೇ ಎಂದು ಪಕ್ಕದವರನ್ನು ನೋಡುತ್ತಾರೆ. ಒಂದು ಭಾಷೆ ಮಗುವಿನ ಬಾಯಿಂದ ಹೋಗಲು ಎಷ್ಟು ದಿನ ಬೇಕೆಂದು ನಿಮ್ಮ ಸಂಶೋಧನಾ ವಿಭಾಗಕ್ಕೆ ಗೊತ್ತಿಲ್ಲದಿದ್ದರೆ ಹಾಲಿನ ಕೌಂಟರಿಗೆ ಕಳಿಸಿ.

ಅರೆಲಿಯ ಅಜ್ಜಿ ದೋನ್ಯಾ ಚೋಲೆಗೆ ಅರವತ್ತೆಂಟು. ಇಂಗ್ಲಿಷಿನಲ್ಲಿ ಅವರಿಗೆ ಬರುವುದು ಸ್ಟ್ರಾಬೆರಿಯ ತಳಿಗಳ ಹೆಸರು, ಮತ್ತು "ನಾಳೆ ಬಾ" ಎಂಬ ಎರಡು ಪದ. ಯಾದಿರಾ ಕತ್ತಲಿರುವಾಗಲೇ ರಬ್ಬರ್ ಬೂಟು ಹಾಕಿಕೊಂಡು ಕಾರ್ಖಾನೆಯ ಹುರುಳಿಕಾಯಿ ಲೈನಿಗೆ ಹೋಗುತ್ತಾಳೆ. ಮಗುವಿನ ಇಡೀ ದಿನ ಅಜ್ಜಿಯದು. ಆ ಮನೆಯಲ್ಲಿ ಆಗುವ ಕಥೆ, ಜಗಳ, ಗದರಿಕೆ, ಮುದ್ದು ಎಲ್ಲ ಒಂದೇ ಭಾಷೆಯಲ್ಲಿ. ಫಾರ್ಮಿನ ನಾಲ್ಕನೇ ಖಾನೆಯ ಸಂಗತಿ ತಿಳಿದಾಗ ದೋನ್ಯಾ ಚೋಲೆ ತಮಾಲೆ ಕಡುಬಿಗೆ ಜೋಳದ ಸಿಪ್ಪೆಯ ಮೇಲೆ ಹಿಟ್ಟು ಸವರುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ವೆಸಿನಾ," ಎಂದರು. ಪಕ್ಕದ ಮನೆಯವಳೇ ಎಂದು ಅರ್ಥ. ಹನ್ನೊಂದು ವರ್ಷದಿಂದ ನನಗೆ ಅದೇ ಹೆಸರು. "ನಾನು ಮನೇಲಿ ಇಂಗ್ಲಿಷ್ ಮಾತಾಡ್ತೀನಂತೆ! ಸರ್ಕಾರದ ಕಾಗದದಲ್ಲೇ ಇದೆಯಂತೆ. ನಂಗೇ ಗೊತ್ತಿರ್ಲಿಲ್ಲ ನೋಡು. ಇನ್ಮೇಲೆ ಆ ಸೂಪರ್‌ವೈಸರ್ ಬೈದ್ರೆ ತಿರುಗಿ ಬೈತೀನಿ."

ನಕ್ಕೆವು. ಯಾದಿರಾ ನಗಲಿಲ್ಲ. "ಅಮ್ಮ, ನಂಗೆ ನಮ್ಮ ಭಾಷೆ ಬಾಯಲ್ಲೇ ನಿಂತೋಯ್ತು, ಕೈಗೆ ಇಳೀಲಿಲ್ಲ. ಒಂದು ಚೀಟಿ ಬರೆಯೋಕೂ ಬರಲ್ಲ. ಇವಳಿಗೆ ಬಾಯಿಂದ್ಲೂ ಹೋದ್ರೆ ನೀನು ಯಾರ ಹತ್ರ ಮಾತಾಡ್ತೀಯ?" ಎಂದಳು.

ದೋನ್ಯಾ ಚೋಲೆ ಮತ್ತೆ ಹಿಟ್ಟು ಸವರತೊಡಗಿದರು.

ಫಾರ್ಮ್ ತಿದ್ದಿಸಲು ನಿಮ್ಮ ಕಚೇರಿಗೆ ಹೋದೆವು. ಜೊತೆಗೆ ನಾನೂ ಇದ್ದೆ, ಕೈಚೀಲ ಹಿಡಿದುಕೊಂಡು. ಕೌಂಟರಿನಲ್ಲಿದ್ದ ಹುಡುಗಿ ಒರಟಳಲ್ಲ. ಒರಟಾಗಲು ನಿಯಮ ಇರುವಾಗ ಮನುಷ್ಯರಿಗೇಕೆ ಆ ಕಷ್ಟ?

"ಮೇಡಂ, ನಾಲ್ಕೂ ಕಡೆ ಇಂಗ್ಲಿಷ್ ಅಂತಿದೆ, ಕೆಳಗೆ ನಿಮ್ಮ ಸೈನ್ ಇದೆ."

"ತಪ್ಪಾಗಿ ಬರೆದಿದ್ದು."

"ನಾಲ್ಕೂ ತಪ್ಪಾ?"

"ಹೂಂ. ನಾಲ್ಕೂ."

"ಹಾಗಾದ್ರೆ ಮೇಡಂ, ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದೀರೋ?" ಆಮೇಲೆ ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ. ಸೀಟಿಗೋಸ್ಕರ ಮನೆಕೆಲಸದವಳ ಭಾಷೇನ ತಮ್ಮ ಭಾಷೆ ಅಂತ ಬರೆದವರೂ ಇದ್ದಾರೆ. ಅದಕ್ಕೇ ಈ ಪ್ರಶ್ನೆ. ಯಾರು ತುಂಬಿದ್ರು ಇದನ್ನ?"

ಯಾದಿರಾ, "ನಾನೇ," ಎಂದಳು.

ಸುಳ್ಳು. ಅದನ್ನು ತುಂಬಿದ್ದು ನಮ್ಮ ವಠಾರದ ಒಬ್ಬ ಪುಕ್ಕಟೆ ಪಂಡಿತೆ, ಸಕಲ ಫಾರ್ಮ್ ಕೋವಿದೆ. ಎಲ್ಲರ ಕಾಗದಗಳನ್ನೂ ತುಂಬಿಕೊಡುವ ಮಹಾತಾಯಿ. ಫಾರ್ಮಿಗೆ ನಾಲ್ಕು ತಮಾಲೆ ಅವಳ ದಕ್ಷಿಣೆ. "ಸ್ಪ್ಯಾನಿಷ್ ಅಂತ ಬರೆದ್ರೆ ಮಗೂನ ಕೊಠಡಿಗೆ ಹಾಕ್ತಾರೆ, ಕಣ್ಮುಚ್ಚಿ ಇಂಗ್ಲಿಷ್ ಅಂತ ಬರಿ" ಎಂದು ಮನೆಮನೆಗೆ ಉಪದೇಶ ಮಾಡಿದವಳು ಅವಳೇ. ಅವಳು ಯಾರೆಂದು ಸದ್ಯಕ್ಕೆ ಕೇಳಬೇಡಿ. ಇಂಥ ತಿಳಿವಳಿಕಸ್ತರು ಒಬ್ಬೊಬ್ಬರಿದ್ದರೆ ಸಾಕು, ಒಂದು ಬೀದಿಯ ಭಾಷೆ ಅಳಿಸಲು ಸರ್ಕಾರ ಬೇಕಿಲ್ಲ.

ಕೊನೆಗೆ ನಿಮ್ಮವರು ಒಂದು ದಾರಿ ತೋರಿಸಿದರು: ಮಗುವಿಗೆ ಸ್ಪ್ಯಾನಿಷ್ ಪರೀಕ್ಷೆ. ಪಾಸಾದರೆ ಸಾಲು ಬದಲು. ಹೋದ ಗುರುವಾರ ಆಯಿತು. ಗಾಜಿನ ಬಾಗಿಲಿನ ಕೋಣೆ. ಒಳಗೆ ಅರೆಲಿ ಮತ್ತು ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬ ಮೇಡಂ. ಹೊರಗೆ ಅಜ್ಜಿ, ತಾಯಿ, ನಾನು. ಇಪ್ಪತ್ತು ಚಿತ್ರ ತೋರಿಸಿ ಸ್ಪ್ಯಾನಿಷಿನಲ್ಲಿ "ಇದೇನು?" ಎಂದು ಕೇಳಿದರು. ಅರೆಲಿ ಬೆನ್ನು ನೆಟ್ಟಗೆ ಮಾಡಿ ಕೂತು ಇಪ್ಪತ್ತಕ್ಕೂ ಉತ್ತರಿಸಿದಳು. ಇಪ್ಪತ್ತೂ ಇಂಗ್ಲಿಷಿನಲ್ಲಿ. ನಿಮ್ಮ ವರದಿ ನನ್ನೆದುರಿಗಿದೆ: ಸ್ಪ್ಯಾನಿಷ್ ಅಂಕ, ಸೊನ್ನೆ.

ಬಾಗಿಲು ತೆರೆಯಿತು. ಹುಡುಗಿ ಓಡಿ ಬಂದು ಅಜ್ಜಿಯ ಸೆರಗಿನಂತಹ ಏಪ್ರನ್ ಹಿಡಿದು ಶುರುಮಾಡಿದಳು ನೋಡಿ, ಉಸಿರು ಬಿಡದೆ, ಅಜ್ಜಿಯದೇ ಭಾಷೆಯಲ್ಲಿ, ಅಜ್ಜಿಯದೇ ರಾಗದಲ್ಲಿ:

"ಅಜ್ಜೀ, ಪಾಪ, ಆ ಟೀಚರ್‌ಗೆ ಏನೂ ಗೊತ್ತಿಲ್ಲ! ಇದೇನು, ಅದೇನು ಅಂತ ಕೇಳ್ತಾನೇ ಇದ್ರು. ಪೊರಕೆನೂ ನೋಡಿಲ್ಲ ಅವ್ರು! ನಮ್ಮ ಮಾತು ಆಡೋಕೆ ನೋಡಿದ್ರು, ಸರಿಯಾಗಿ ಬರಲ್ಲ ಅವ್ರಿಗೆ. ನಾನೇ ಇಂಗ್ಲಿಷಲ್ಲಿ ಹೇಳ್ಕೊಟ್ಟೆ. ಜಾಣೆ ತಾನೇ ನಾನು? ಕೊರಳಲ್ಲಿ ಪಟ್ಟಿ ಇದ್ದೋರ ಹತ್ರ ಇಂಗ್ಲಿಷೇ ಆಡ್ಬೇಕು ಅಲ್ವಾ ಅಮ್ಮಾ?"

ಅದೂ ನಮ್ಮ ವಠಾರದ ಲಸಿಕೆಯ ಎರಡನೇ ಡೋಸು. ಮಕ್ಕಳಿಗೆ ಮಾತು ಬಂದ ದಿನದಿಂದ ಕಲಿಸಿರುತ್ತೇವೆ.

ನಿಮ್ಮ ಮೇಡಂ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಅವರ ಮುಖ ಕೆಂಪಾಯಿತು. ಯಾದಿರಾ, "ಕೇಳಿಸ್ತಲ್ಲ ಮೇಡಂ? ಈಗ ಬರ್ಕೊಳ್ಳಿ," ಎಂದಳು. ಅವರು ಗಡಿಯಾರ ನೋಡಿ, "ನನಗೂ ಕೇಳಿಸ್ತು ರೀ. ಆದ್ರೆ ಪರೀಕ್ಷೆ ಮುಗಿದುಹೋಯ್ತು. ಕೋಣೆಯೊಳಗೆ ಆಡಿದ್ದು ಮಾತ್ರ ಲೆಕ್ಕಕ್ಕೆ," ಎಂದರು. ವರ್ಷಕ್ಕೆ ಒಂದೇ ಪರೀಕ್ಷೆಯಂತೆ.

ಮಾನ್ಯರೇ, ಮಾತು ಕೋಣೆಯೊಳಗೆ ಇರುತ್ತದೆಯೇ, ಮಗುವಿನೊಳಗೆ ಇರುತ್ತದೆಯೇ? ಆ ನಾಲ್ಕು ಕುರ್ಚಿಗಳನ್ನು ಇಡೀ ವರ್ಷ ಖಾಲಿಯಿಟ್ಟು ನೀವು ಯಾರ ಸಮತೋಲನ ಕಾಪಾಡುತ್ತೀರಿ? ಆ ಕುರ್ಚಿಗಳು ಸ್ಪ್ಯಾನಿಷ್ ಆಡುತ್ತವೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ಮಂಗಳವಾರದೊಳಗೆ ಅರೆಲಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿ. ಅಜ್ಜಿಯನ್ನು ಒಳಗೆ ಕೂರಿಸಿ, ಕೊರಳಿನ ಪಟ್ಟಿ ತೆಗೆದಿಟ್ಟು. ಅವಳಿಗೊಂದು ಕುರ್ಚಿ ಕೊಡಿ. ಉಳಿದ ಮೂರಕ್ಕೆ ನಮ್ಮ ವಠಾರಕ್ಕೇ ಬಂದು, ಇಂಗ್ಲಿಷ್ ಎಂದು ಬರೆದವರ ಮನೆಯಲ್ಲಿ ಹತ್ತು ನಿಮಿಷ ಕೂತು ಕೇಳಿಸಿಕೊಳ್ಳಿ. ನಿಜ ಬರೆದರೆ ಕಿಟಕಿಯಿಲ್ಲದ ಕೊಠಡಿ ಇನ್ನಿಲ್ಲ ಎಂದು ಬರೆದುಕೊಡಿ. ಮತ್ತು ಸುಳ್ಳು ಹೇಳಿದಳೆಂದು ಯಾದಿರಾಳ ಹೆಸರಿನ ಮುಂದೆ ಹಾಕಿರುವ ಕೆಂಪು ಗುರುತನ್ನು ಅಳಿಸಿ.

ಯಾಕೆಂದರೆ ಆ ಫಾರ್ಮ್ ತುಂಬಿದವಳು ಅವಳಲ್ಲ, ನಾನು. ಸಹಿ ಮಾತ್ರ ಅವಳದು. ಕೌಂಟರಿನಲ್ಲಿ ನಿಮ್ಮ ಹುಡುಗಿ ಯಾರು ತುಂಬಿದ್ದೆಂದು ಕೇಳಿದಾಗ, ಶಾಲೆಯ ಕೆಲಸ ಹೋದೀತೆಂದು ನಾನು ಕೈಚೀಲದ ಜಿಪ್ಪನ್ನು ಎಳೆಯುತ್ತ ನಿಂತಿದ್ದೆ. ಯಾದಿರಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬೇರೆಯವರ ಮಕ್ಕಳಿಗೆ ಬರೆಯುವ ಮೊದಲು ಇಂಗ್ಲಿಷ್ ಎಂದು ನನ್ನ ಮಗಳಿಗೇ ಬರೆದಿದ್ದೆ, ಹನ್ನೊಂದು ವರ್ಷದ ಹಿಂದೆ, ನಾಲ್ಕೂ ಖಾನೆಯಲ್ಲಿ. ಆಮೇಲೆ ಅದನ್ನು ನಿಜ ಮಾಡಲು ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿದೆ. ಈಗ ಅವಳಿಗೆ ಹದಿನಾರು. ಭಾನುವಾರ ಹಿರಿಯೂರಿನಿಂದ ನನ್ನ ಅಮ್ಮ ಫೋನ್ ಮಾಡಿದಾಗ ಅವಳು "ಅಜ್ಜಿ, ಊಟ ಆಯ್ತಾ?" ಎನ್ನುತ್ತಾಳೆ. "ಆಯ್ತು ಕಂದಾ, ನಿಂದಾಯ್ತಾ? ಏನ್ ಮಾಡಿದ್ರಿ?" ಎಂದು ಅಮ್ಮ ಕೇಳುವಷ್ಟರಲ್ಲಿ ಫೋನು ನನ್ನ ಕೈಗೆ ಬಂದಿರುತ್ತದೆ.

ನಿಮ್ಮ ಜಾಲತಾಣ ಕರೆದದ್ದಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದೆನಲ್ಲ, ಅದೂ ಸುಳ್ಳು. ಇದನ್ನು ಬರೆಯುತ್ತಿರುವ ಮೇಜಿನ ಆಚೆ ಬದಿಯಲ್ಲಿ ನನ್ನ ಮಗಳು ಕೂತಿದ್ದಾಳೆ. ಆಗಾಗ ತಲೆಯೆತ್ತಿ ಈ ಹಾಳೆಯನ್ನೇ ನೋಡುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ ಬರೆದೆ.

ಇಂತಿ,
ಖಾನೆ ತುಂಬಿ ಮನೆ ಖಾಲಿ ಮಾಡಿಕೊಂಡ
ಪಕ್ಕದ ಮನೆಯವಳು