ಬೀದಿ ಕೇಳಿಸದ ಮನೆ

ಮಗಳೇ,

ನೀನೆಲ್ಲಿದ್ದೀಯೋ, ಈ ಕಾಗದವನ್ನು ಎಲ್ಲಿಗೆ ಹಾಕಲಿ? ಆದರೂ ನಿನ್ನಣ್ಣ ಮಾಡಿದ ಘನಕಾರ್ಯ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತೆ.

ಅವನಿಗೆ ಬೀದಿಯ ಗಲಾಟೆ ಆಗಿಬರಲ್ಲವಂತೆ. ಬಡಗಿಯನ್ನು ಕರೆಸಿ ಕಿಟಕಿಗಳಿಗೆಲ್ಲ ಎರಡೆರಡು ಗಾಜು ಕೂರಿಸಿ, ಸಂದಿಗೆ ರಬ್ಬರ್ ತುರುಕಿ, ತೆಗೆಯೋಕಾಗದ ಹಾಗೆ ಸ್ಕ್ರೂ ಹೊಡೆಸಿದ. "ಎಷ್ಟು ಹಾಯಾಗಿದೆ ನೋಡಮ್ಮ" ಅಂತಾನೆ. ಹಾಯಂತೆ ಹಾಯಿ! ನನ್ನನ್ನು ಡಬ್ಬಿಗೆ ಹಾಕಿ ಮುಚ್ಚಳ ಬಡಿದ ಹಾಗಿದೆ.

ಸ್ವಂತ ತಂಗಿಯ ಗುಣ ಅವನಿಗೆ ಗೊತ್ತಿಲ್ಲವೇ? ನೀನು ಹುಟ್ಟಿದ ಮೇಲೆ ಒಂದು ದಿನವಾದರೂ ಬೆಲ್ ಒತ್ತಿದವಳಲ್ಲ. ಬೀದಿಯಲ್ಲೇ ನಿಂತು "ಅಮ್ಮಾ, ಬಾಗಿಲು ತೆಗಿ" ಅಂತ ಅರಚುವವಳು. ನನ್ನ ಜೊತೆ ಜಗಳ ಆಡಿ ಹೋದವಳು ನಾಳೆ ಬಂದರೂ ಒಂದೇ ಸಲ ಕೂಗುತ್ತೀಯ. ಯಾರೂ ಓಗೊಡದಿದ್ದರೆ ಬಂದ ದಾರಿಯಲ್ಲೇ ಹೊರಟುಬಿಡುತ್ತೀಯ. ಆ ಸೊಕ್ಕು ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲವೇ?

ಇವತ್ತು ಅವನು ಕೆಲಸಕ್ಕೆ ಹೋದ ಮೇಲೆ ತರಕಾರಿ ಚಾಕುವಿನಿಂದ ಸ್ಕ್ರೂ ಬಿಚ್ಚಿ, ನನ್ನ ಕೋಣೆಯ ಕಿಟಕಿ ಹಾರುಹೊಡೆದಿಟ್ಟೆ. ಸಂಜೆ ಬಂದು ಕುಣಿದಾಡಿದ.

"ಯಾರು ಬರ್ತಾರೆ ಅಂತ ತೆಗೆದೆಯಮ್ಮ?"

"ಗಾಳಿ ಬರುತ್ತೆ ಕಣೋ."

"ಸ್ಕ್ರೂ ಎಲ್ಲಿ? ಈಗಲೇ ಹಾಕ್ತೀನಿ."

"ಚರಂಡಿಗೆ ಎಸೆದೆ. ಹೋಗಿ ಹೆಕ್ಕಿಕೊಂಡು ಬಾ."